ಬದುವಿನ ಎಕ್ಕೆ, ಶನಿವಾರದ ಮಾಲೆ

ಸಾವಳಗಿಯಲ್ಲಿ ನನ್ನ ಹೊಲಕ್ಕೂ ತಮ್ಮನ ಹೊಲಕ್ಕೂ ನಡುವೆ ಅಗಲವಾದ ಬದುವೊಂದಿದೆ. ಅದರ ತುಂಬ ಎಕ್ಕೆಯ ಗಿಡಗಳು. ಕೇಸರಿ ರೆಕ್ಕೆಗೆ ಕಪ್ಪು ಅಂಚು, ಅಂಚಿನಲ್ಲಿ ಬಿಳಿ ಚುಕ್ಕೆಯಿರುವ ಪಾತರಗಿತ್ತಿಗಳು ಅಲ್ಲಿ ಸುಳಿದಾಡುತ್ತಲೇ ಇರುತ್ತವೆ. ಹೂವು ಬೆಳೆಸಿದರೆ ಪಾತರಗಿತ್ತಿ ಉಳಿಯುತ್ತದೆ ಎಂದು ಎಲ್ಲೋ ಓದಿ, ನಂಬದೆ, ಮನೆಯ ಮುಂದೆ ಚೆಂಡುಹೂ ಹಾಕಿ ನೋಡಿದ್ದೆ. ಬಂದವು, ಮಕರಂದ ಹೀರಿದವು. ಮೊಟ್ಟೆಯಿಡಲು ಮಾತ್ರ ಎಕ್ಕೆಯ ಎಲೆಯಡಿಗೇ ಮರಳಿದವು. ಮುರಿದರೆ ಹಾಲು ಸುರಿಯುವ ಆ ಎಲೆಯೇ ಅವುಗಳ ಮರಿಹುಳಕ್ಕೆ ಊಟ.

ಈ ಸಲ ತಮ್ಮ ಕಬ್ಬು ನಾಟಿಗೆ ಹೊಲ ಹದಮಾಡುವಾಗ, ಶನಿವಾರ ಜೆಸಿಬಿ ತರಿಸಿ ಬದುವನ್ನು ಬೋಳಿಸುತ್ತೇನೆಂದ.

“ಎಕ್ಕಿ ಮ್ಯಾಗಿನ ಹುಳಾ ಕಬ್ಬಿಗೆ ಬರ್ತಾವಣ್ಣಾ.”

“ನೀ ಕಣ್ಣೀಲೆ ನೋಡೀಯೇನಲೇ?”

“ಊರ ಮಂದಿ ಎಲ್ಲಾ ಅಂತಾರಲ್ಲ!”

ಊರ ಮಂದಿಯೆಲ್ಲ ಒಪ್ಪಿದ ಮಾತೆಂದರೆ ನನಗೆ ಮೊದಲಿನಿಂದಲೂ ಅನುಮಾನ. ಬುಟ್ಟಿಯೊಂದರಲ್ಲಿ ಒಂದು ಬದಿಗೆ ಕಬ್ಬಿನ ಎಳೆಯ ಸೋಗೆ, ಇನ್ನೊಂದು ಬದಿಗೆ ಎಕ್ಕೆಯ ಎಲೆ ಇಟ್ಟು, ಕಪ್ಪು ಹಳದಿ ಪಟ್ಟೆಯ ಕೆಲವು ಹುಳಗಳನ್ನು ಬಿಟ್ಟು ಬಟ್ಟೆ ಮುಚ್ಚಿದೆ. ಮರುದಿನ ಎಕ್ಕೆಯ ಎಲೆಗಳಲ್ಲಿ ನರಗಳಷ್ಟೇ ಉಳಿದಿದ್ದವು. ಸೋಗೆ ಇಟ್ಟ ಹಾಗೆಯೇ ಇತ್ತು.

ತಮ್ಮ ಬಗ್ಗಲಿಲ್ಲ. “ಹೋಳಿಗಿ ಬಾಜೂಕ ತಂಗಳ ರೊಟ್ಟಿ ಇಟ್ಟರ ಯಾರು ತಿಂತಾರ? ಬರೇ ಕಬ್ಬ ಇಟ್ಟ ನೋಡು.”

ಆಕ್ಷೇಪಣೆ ನ್ಯಾಯವಾದದ್ದೇ. ಎಕ್ಕೆಯನ್ನು ತೆಗೆದು ಮತ್ತೆ ಮುಚ್ಚಿಟ್ಟೆ. ಸಂಜೆಯವರೆಗೂ ಹುಳಗಳು ಹಸಿದು ಬುಟ್ಟಿ ಸುತ್ತಿದವೇ ಹೊರತು ಸೋಗೆಗೆ ಬಾಯಿ ಹಚ್ಚಲಿಲ್ಲ. ಪಾಪವೆನಿಸಿ ಗಿಡಕ್ಕೆ ಬಿಟ್ಟು ಬಂದೆ. ಅಷ್ಟು ಹೊತ್ತಿಗೆ ತಮ್ಮ ಹೊಸ ಕಾರಣವೊಂದನ್ನು ಹುಡುಕಿಕೊಂಡಿದ್ದ: “ಜೆಸಿಬಿಯವಗ ಹೇಳಿಬಿಟ್ಟೇನಿ. ಈಗ ಹ್ಯಾಂಗ ಬ್ಯಾಡನ್ನಲಿ?”

ಶನಿವಾರ ಬೆಳಿಗ್ಗೆ ಯಂತ್ರ ಬದುವಿನ ತುದಿಗೆ ಬಂದು ನಿಂತಿತು. ಆಗಲೇ ತಮ್ಮನ ಹೆಂಡತಿಯೂ ಎಂದಿನಂತೆ ಚೀಲ ಹಿಡಿದು ಬಂದಳು. ಪ್ರತಿ ಶನಿವಾರ ಹಣಮಪ್ಪನಿಗೆ ಎಕ್ಕೆ ಎಲೆಯ ಮಾಲೆ ಏರಿಸುವುದು ಅವರ ಮನೆಯ ಪದ್ಧತಿ. ಎಲೆ ಕೊಯ್ಯುವುದು ಇದೇ ಬದುವಿನಲ್ಲಿ. ಗಂಡ ಅದನ್ನು ಮರೆತೇಬಿಟ್ಟಿದ್ದ.

“ಇದನ್ನ ಕಿತ್ತಿ ಒಗದು, ಮುಂದಿನ ವಾರ ದೇವರಿಗೆ ಕಬ್ಬಿನ ಒಣ ರವದಿ ಮಾಲಿ ಹಾಕ್ತೀರೇನ್ರೀ?”

ಮೊದಲು ನಕ್ಕವನು ಜೆಸಿಬಿ ಚಾಲಕ. ತಮ್ಮ ಕೈಬೀಸಿ ಯಂತ್ರವನ್ನು ಹೊಲದ ಆಚೆಯ ದಿಬ್ಬಕ್ಕೆ ಕಳಿಸಿ, ನನ್ನತ್ತ ತಿರುಗಿದ. “ಹಣಮಪ್ಪನ ಸಲುವಾಗಿ ಬಿಟ್ಟೇನಿ. ನಿನ್ನ ಹುಳದ ಸಲುವಾಗಿ ಅಲ್ಲ ಮತ್ತ!”

ಕಾರಣ ಯಾವುದಾದರೂ ಹುಳಕ್ಕೆ ಎಲೆ ಉಳಿಯಿತು. ಮೊನ್ನೆಯ ಶನಿವಾರ ಎಲೆ ಕೊಯ್ಯಲು ತಮ್ಮನೇ ಬಂದಿದ್ದ. ಒಂದೊಂದು ಎಲೆಯನ್ನೂ ಮಗುಚಿ ನೋಡಿ, ಕೆಲವನ್ನು ಗಿಡದಲ್ಲೇ ಬಿಡುತ್ತಿದ್ದ.

“ಏನ ನೋಡಾಕತ್ತೀಲೇ?”

“ತತ್ತಿ ಇದ್ದದ್ದು ದೇವರಿಗೆ ನಡ್ಯೂದಿಲ್ಲಣ್ಣಾ.”

ಹಾಗೆಂದು ಹೇಳಿದವರು ಯಾರು ಎಂದು ಕೇಳುವ ಆಸೆ ನಾಲಗೆಯ ತುದಿಯವರೆಗೂ ಬಂತು. ಅದೊಂದು ಮಾತನ್ನು ಮಾತ್ರ ನಾನು ಪರೀಕ್ಷೆಗೆ ಒಡ್ಡಲಿಲ್ಲ.