ಎರಡನೇ ಸಲ ಕೇಳದ ಮನೆ

ನಮ್ಮ ಮೈಸೂರಿನ ಮನೆಯಲ್ಲಿ 'ಬೇಡ' ಎಂದರೆ ಯಾರೂ ನಂಬುತ್ತಿರಲಿಲ್ಲ. ಬಡಿಸುವವರು ಬಂದಾಗ ಎಲೆಯ ಮೇಲೆ ಬಾಗಿ, ಕೈ ಅಡ್ಡ ಹಿಡಿದು, 'ಅಯ್ಯೋ ಸಾಕು, ಜಾಗವೇ ಇಲ್ಲ' ಎನ್ನಬೇಕು. ಅವರು ಬೆರಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ಜಾರಿಸಬೇಕು. ಆಮೇಲೆ ನಾವು ಅವರನ್ನು ಬೈದುಕೊಳ್ಳುತ್ತಾ ಅದನ್ನು ತಿನ್ನಬೇಕು. ಇದು ಕ್ರಮ. ಮೊದಲನೇ ಸಲಕ್ಕೇ 'ಹಾಕಿ' ಎಂದವಳನ್ನು ನನ್ನ ಸೋದರತ್ತೆ ಹೊಟ್ಟೆಬಾಕಿ ಎಂದು ಕರೆಯುತ್ತಿದ್ದರು. ಈ ವಿದ್ಯೆಯನ್ನೆಲ್ಲ ಚೆನ್ನಾಗಿ ಕಲಿತುಕೊಂಡು ನಾನು ಎಂಬತ್ತರ ದಶಕದ ನಡುವಿನಲ್ಲಿ ವಾಲ್ನಟ್ ಕ್ರೀಕ್‌ನ ಒಂದು ಅಪಾರ್ಟ್‌ಮೆಂಟಿಗೆ ಬಂದು ಬಿದ್ದೆ.

ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ವಯಸ್ಸು ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಶುಕ್ರವಾರ ಸಂಜೆ ಟ್ರೈನಿನಿಂದ ಇಳಿದರೆ ಸೋಮವಾರ ಬೆಳಿಗ್ಗೆಯವರೆಗೆ ಒಂದು ನರಪಿಳ್ಳೆಯ ಜೊತೆಯೂ ಮಾತಿಲ್ಲ. ಸೋಮವಾರ ಲ್ಯಾಬಿನಲ್ಲಿ ಗುಡ್ ಮಾರ್ನಿಂಗ್ ಹೇಳಲು ಹೋದರೆ ಗಂಟಲಿನಿಂದ ಗರಗರ ಸದ್ದು ಬರುತ್ತಿತ್ತು. ಅಡುಗೆ ಎಂದರೆ ಪುಟ್ಟ ಕುಕ್ಕರಿನಲ್ಲಿ ಅನ್ನ. ಅದನ್ನು ಕುಕ್ಕರಿನಿಂದಲೇ, ಒಲೆಯ ಪಕ್ಕ ನಿಂತುಕೊಂಡೇ, ಮೊಸರು ಕಲಸಿ ತಿನ್ನುತ್ತಿದ್ದೆ. ಒಬ್ಬಳಿಗೆ ತಟ್ಟೆ ಯಾಕೆ, ತೊಳೆಯುವವರು ಯಾರು? ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕ್ಯುಪರ್ಟಿನೋದಲ್ಲಿ ಕಾಲೇಜಿನ ಗೆಳತಿಯೊಬ್ಬಳಿದ್ದಳು. ಆಗಾಗ ಫೋನ್ ಮಾಡುತ್ತಿದ್ದಳು.

'ಲೇ, ಸಂಡೇ ಬಾರೇ. ಬಿಸಿಬೇಳೆಬಾತ್ ಮಾಡ್ತೀನಿ.'

'ಬೇಡ ಕಣೇ, ನಿಂಗ್ಯಾಕೆ ಸುಮ್ನೆ ತೊಂದ್ರೆ.'

'ಏನ್ ತೊಂದ್ರೆನೇ? ನಿನ್ನನ್ನೇನು ನಾನು ಹೊತ್ಕೋಬೇಕಾ?'

'ಇಲ್ಲ ಕಣೇ, ಲಾಂಡ್ರಿ ಇದೆ.'

'ಲಾಂಡ್ರಿ ಇಲ್ಲೇ ತಂದು ಹಾಕು. ಬಾಯ್ಮುಚ್ಕೊಂಡು ಬಾ ಅಂದ್ರೆ!'

ಇಷ್ಟು ಬೈಸಿಕೊಂಡ ಮೇಲೆ ಹೋಗುತ್ತಿದ್ದೆ. ಅಲ್ಲಿ ಗಂಡಸರು ಒಂದು ಕಡೆ ಗ್ರೀನ್ ಕಾರ್ಡಿನ ಮಾತು, ಹೆಂಗಸರು ಇನ್ನೊಂದು ಕಡೆ ಮಕ್ಕಳ ಸ್ಕೂಲಿನ ಮಾತು. ನಾನು ಸೋಫಾದ ಅಂಚಿನಲ್ಲಿ ಕಾಗದದ ತಟ್ಟೆ ಹಿಡಿದು ನಗುತ್ತಿದ್ದೆ. ವಾಪಸು ಬರುವಾಗ ಫ್ರೀವೇಯಲ್ಲಿ, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಒಂಟಿಯಾಗಿರುತ್ತಿದ್ದೆ.

ಮದಾಮ್ ಸಿಕ್ಕಿದ್ದು ಗ್ರೋಸರಿ ಅಂಗಡಿಯಲ್ಲಿ, ಬೀನ್ಸಿನ ರಾಶಿಯ ಮುಂದೆ. ನಾನು ಅಭ್ಯಾಸಬಲದಿಂದ ಒಂದೊಂದೇ ಬೀನ್ಸನ್ನು ಟಕ್ಕೆಂದು ಮುರಿದು ನೋಡಿ ಎಳೆಯದನ್ನು ಆರಿಸುತ್ತಿದ್ದೆ. ಎದುರಿನಿಂದಲೂ ಟಕ್, ಟಕ್ ಎಂದು ಕೇಳಿಸಿತು. ತಲೆಯೆತ್ತಿದರೆ ಎಪ್ಪತ್ತರ ಆಸುಪಾಸಿನ ಹೆಂಗಸು, ಕತ್ತಿಗೆ ಸ್ಕಾರ್ಫು ಸುತ್ತಿಕೊಂಡು, ನನ್ನ ಹಾಗೇ ಮುರಿಯುತ್ತಿದ್ದಾರೆ. ಅಂಗಡಿಯವನು ಇಬ್ಬರನ್ನೂ ದುರುಗುಟ್ಟಿ ನೋಡಿದ. ಅವರು ಅವನನ್ನು ತಿರುಗಿ ದುರುಗುಟ್ಟಿ, 'ಇದು ಬಲಿತಿದೆ,' ಎಂದು ಒಂದು ಕಾಯನ್ನು ಅವನ ಕೈಗೇ ಕೊಟ್ಟರು. ನನಗೆ ನಗು ತಡೆಯಲಾಗಲಿಲ್ಲ.

ಅವರು ಫ್ರಾನ್ಸಿನವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನಿಕನೊಬ್ಬನನ್ನು ಮದುವೆಯಾಗಿ ಬಂದವರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ, ಮನೆ ನನ್ನ ಅಪಾರ್ಟ್‌ಮೆಂಟಿನಿಂದ ಎರಡು ಬೀದಿ ಆಚೆ. ಬೀದಿಯಲ್ಲಿ ಎಲ್ಲರೂ ಅವರನ್ನು ಮದಾಮ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಅವರದು ಮೂಗಿನಿಂದ ಬರುವ ಇಂಗ್ಲಿಷು. ಇಲ್ಲಿ ಅದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. ಭಾನುವಾರ ಊಟಕ್ಕೆ ಬಾ ಎಂದರು, ಬೀನ್ಸು ತಾವೇ ಮಾಡುವುದಾಗಿ ಹೇಳಿದರು.

ಮೊದಲ ಭಾನುವಾರ ನಾನು ಹಸಿದುಕೊಂಡು ವಾಪಸು ಬಂದೆ. ಕೆನೆಯಲ್ಲಿ ಬೆಂದ ಆಲೂಗಡ್ಡೆ, ಮೇಲೆಲ್ಲ ಹೊಂಬಣ್ಣದ ಪದರ, ಆಹಾ! ಒಂದು ಸಲ ಹಾಕಿಸಿಕೊಂಡೆ. 'ಇನ್ನೂ ಸ್ವಲ್ಪ?' ಎಂದರು. 'ಬೇಡ ಬೇಡ,' ಎಂದೆ. ಸರಿ ಎಂದು ಪಾತ್ರೆಯನ್ನು ಆ ಕಡೆ ಇಟ್ಟುಬಿಟ್ಟರು! ನಾನು ಪಾತ್ರೆಯನ್ನೇ ನೋಡುತ್ತಾ ಕೂತೆ. ಚೀಸಿನ ತಟ್ಟೆ ಬಂದಾಗಲೂ ಅದೇ ಕಥೆ. ಆ ತಟ್ಟೆಯಂತೂ ಅವರ ಕಡೆ ಊಟಕ್ಕೆ ಒಂದೇ ಸಲ ಸುತ್ತುತ್ತದಂತೆ, ಬೇಕಾದರೆ ಆಗಲೇ ತೆಗೆದುಕೊಳ್ಳಬೇಕು. ಮನೆಗೆ ಬಂದು ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿಂದೆ.

ಹಸಿವು ಎಲ್ಲವನ್ನೂ ಬೇಗ ಕಲಿಸುತ್ತದೆ. ಮುಂದಿನ ಭಾನುವಾರ 'ಇನ್ನೂ ಸ್ವಲ್ಪ?' ಎಂದದ್ದೇ ತಡ, 'ಹೂಂ' ಎಂದೆ. ನನ್ನ ಸೋದರತ್ತೆ ಅಲ್ಲಿರಲಿಲ್ಲವಲ್ಲ.

ಆ ಮನೆಯ ಊಟ ನನಗೆ ಹಿಡಿಸಿದ್ದು ಅದಕ್ಕೊಂದು ಸರದಿ ಇತ್ತೆಂದು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ. ಮೊದಲು ಸೂಪು, ಆಮೇಲೆ ಒಂದು ತರಕಾರಿ, ಆಮೇಲೆ ಕಾಳಿನದೋ ಮೊಟ್ಟೆಯದೋ ಏನಾದರೊಂದು. (ಮೊಟ್ಟೆ ಶುರು ಮಾಡಿದ್ದನ್ನು ಮನೆಗೆ ತಿಳಿಸಿರಲಿಲ್ಲ.) ಹಸಿ ಸೊಪ್ಪು ಬರುವುದು ಅದೆಲ್ಲ ಮುಗಿದ ಮೇಲೆ, ಕೋಸಂಬರಿಯನ್ನು ಕೊನೆಗೆ ಬಡಿಸಿದ ಹಾಗೆ ನನಗೆ ವಿಚಿತ್ರ. ಮೊಸರನ್ನ ಬರಬೇಕಾದ ಜಾಗಕ್ಕೆ ಚೀಸು ಬರುತ್ತಿತ್ತು. ಮೊದಲ ಸಲ ಮೂಸಿದಾಗ ಯಾರದೋ ಕಾಲುಚೀಲ ಜ್ಞಾಪಕಕ್ಕೆ ಬಂತು. ಎರಡನೇ ತಿಂಗಳಿಗೆ ಅದಿಲ್ಲದೆ ಊಟ ಮುಗಿಯದ ಹಾಗಾಯಿತು. ಅದರಲ್ಲಿ ಏನೇನು ಹಾಕುತ್ತಾರೆಂದು ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಬ್ರೆಡ್ಡಿಗೆ ತಟ್ಟೆಯಿಲ್ಲ, ಬಟ್ಟೆಯ ಮೇಲೇ ಇಡುವುದು. ನಾನು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡರೆ, 'ಕೈ ಮೇಲಿಡು, ಕೆಳಗೇನು ಬಚ್ಚಿಟ್ಟಿದ್ದೀಯ?' ಎಂದು ಗದರುತ್ತಿದ್ದರು. ಎಡಗೈ ಊಟದ ಹತ್ತಿರ ಬಂದರೆ ನಮ್ಮಲ್ಲಿ ಗದರುತ್ತಾರೆ ಎಂದರೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಲ್ಲಕ್ಕಿಂತ ಹೆಚ್ಚಾಗಿ, ಅವರು ಈ ಊಟ ಮಾಡುತ್ತಾ ಮುಂದಿನ ಊಟದ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲೂ ಹಾಗೇ, ತಿಂಡಿ ತಿನ್ನುತ್ತಾ ಮಧ್ಯಾಹ್ನದ ಹುಳಿಗೆ ಯಾವ ತರಕಾರಿ ಎಂದು ಜಗಳ. 'ಮುಂದಿನ ವಾರ ಈರುಳ್ಳಿ ಸೂಪು,' ಎಂದು ಅವರು ಹೇಳಿದರೆ, ಮುಂದಿನ ವಾರ ಎಂಬುದೊಂದು ಇದೆ, ಅದರಲ್ಲಿ ನಾನಿದ್ದೇನೆ ಎಂದು ಸಮಾಧಾನವಾಗುತ್ತಿತ್ತು. ನಾನು ನಿಂತುಕೊಂಡು ಊಟ ಮಾಡುವುದು ಗೊತ್ತಾದಾಗ ಅವರ ಮುಖ ಕಪ್ಪಿಟ್ಟಿತು. 'ಕುದುರೆಯೇನೇ ನೀನು?' ಎಂದರು. ಅಂದಿನಿಂದ ನಾನು ಮನೆಯಲ್ಲೂ ತಟ್ಟೆ ಹಾಕಿಕೊಂಡು ಕೂತು ತಿಂದೆ.

ಹೀಗೆ ಒಂದು ವರ್ಷ ಕಳೆಯಿತು. ಆ ಚಳಿಗಾಲಕ್ಕೆ ಅವರ ಮಂಡಿ ಕೈಕೊಟ್ಟಿತು. ಒಂದು ಭಾನುವಾರ ಊಟದ ಕೊನೆಯಲ್ಲಿ ಚಾಕುವಿನಿಂದ ಪೇರ್ ಹಣ್ಣಿನ ಸಿಪ್ಪೆ ತೆಗೆಯುತ್ತಾ, ನನ್ನ ಕಡೆ ನೋಡದೆ, ಹೇಳಿದರು:

'ಮೇಲಿನ ರೂಮು ಖಾಲಿ ಇದೆ. ಬಂದು ಇಲ್ಲೇ ಇರ್ತೀಯಾ? ನನಗೂ ಜೊತೆ, ನಿನಗೂ ಜೊತೆ.'

ದಿನಾ ಸಂಜೆ ಟ್ರೈನಿಳಿದು ದೀಪ ಹತ್ತಿರುವ ಮನೆಗೆ ಹೋಗುವುದು! ಬಾಗಿಲು ತೆರೆದರೆ ಯಾರೋ ಇರುವುದು! ಅಷ್ಟೆಲ್ಲ ಒಳಗೆ ಕುಣಿಯುತ್ತಿರುವಾಗ ಬಾಯಿ ಮಾತ್ರ ತನ್ನ ಪಾಡಿಗೆ ತಾನು ಮೈಸೂರಿನದೇ ಮಾತಾಡಿತು.

'ಅಯ್ಯೋ, ಬೇಡ ಮದಾಮ್. ನಿಮಗ್ಯಾಕೆ ತೊಂದರೆ.'

'ಸರಿ,' ಎಂದರು. ಒಂದು ಹೋಳು ಕತ್ತರಿಸಿ ನನ್ನ ತಟ್ಟೆಗೆ ಇಟ್ಟರು.

ಊಟದ ವಿಷಯದಲ್ಲಿ ಕಲಿತಿದ್ದೆ ನಿಜ. ಆದರೆ ಒಂದು ಸೌಟು ಆಲೂಗಡ್ಡೆ ಬೇರೆ, ಒಬ್ಬರ ಮನೆ ಬೇರೆ. ಇಂಥ ದೊಡ್ಡ ಮಾತನ್ನು ಒಂದೇ ಸಲ ಕೇಳಿ ಸುಮ್ಮನಾಗುತ್ತಾರೆಂದು ನನಗೆ ಹೊಳೆಯಲೇ ಇಲ್ಲ. ಆ ವಾರವಿಡೀ ಮನಸ್ಸಿನಲ್ಲೇ ಸಾಮಾನು ಕಟ್ಟಿದೆ. ಕುಕ್ಕರ್ ಎಲ್ಲಿಡುವುದು, ಒಗ್ಗರಣೆ ಘಾಟಿಗೆ ಕೆಮ್ಮುತ್ತಾರೋ ಏನೋ, ಆ ಚೀಸಿನ ಜೊತೆ ಬಾಳುವವರಿಗೆ ನನ್ನ ಇಂಗು ಯಾವ ಲೆಕ್ಕ ಎಂದೆಲ್ಲ ಯೋಚಿಸಿ ನಗುತ್ತಿದ್ದೆ.

ಮುಂದಿನ ಭಾನುವಾರ ಅವರು ಆ ಮಾತೆತ್ತಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನಾನು ಸುಳಿವು ಕೊಟ್ಟೆ. 'ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೀಟರ್ ಸರಿಯಿಲ್ಲ ಮದಾಮ್, ಚಳಿ.' ಅವರು ಎದ್ದು ಕುಂಟುತ್ತಾ ಒಳಗೆ ಹೋಗಿ ಒಂದು ಉಣ್ಣೆಯ ಕಂಬಳಿ ತಂದುಕೊಟ್ಟರು. ಕಂಬಳಿ ಯಾರಿಗೆ ಬೇಕಿತ್ತು?

ಕ್ಯುಪರ್ಟಿನೋದ ಗೆಳತಿಗೆ ಹೇಳಿಕೊಂಡೆ. 'ಸುಮ್ನೆ ಫಾರ್ಮಾಲಿಟಿಗೆ ಕೇಳಿರ್ತಾರೆ ಬಿಡೇ,' ಎಂದಳು. 'ನಿಜವಾಗ್ಲೂ ಬೇಕಾಗಿದ್ರೆ ಇನ್ನೊಂದ್ಸಲ ಕೇಳ್ತಿರ್ಲಿಲ್ವಾ?' ಅದೇ ಸರಿ ಎನಿಸಿತು. ಮೂಗಿನ ಮೇಲೆ ಸಿಟ್ಟು ನನಗೆ ಮೊದಲಿನಿಂದಲೂ ಇದೆ. ಕೆಲಸ ಇದೆ ಎಂದು ನೆಪ ಹೇಳಿ ಕೆಲವು ಭಾನುವಾರ ಹೋಗಲಿಲ್ಲ. ಅವರು ಫೋನಿನಲ್ಲಿ 'ಸರಿ' ಎಂದರು. ಆ 'ಸರಿ' ಕೇಳಿದರೆ ಮೈ ಉರಿಯುತ್ತಿತ್ತು. ಮತ್ತೆ ನಿಂತುಕೊಂಡು ತಿನ್ನಲು ಶುರು ಮಾಡಿದೆ.

ವಸಂತದಲ್ಲಿ ಅವರೇ ಕರೆದರು. ಹೋದೆ. ಹಜಾರದಲ್ಲಿ ರಟ್ಟಿನ ಪೆಟ್ಟಿಗೆಗಳು. ಮನೆ ಮಾರಾಟವಾಗಿತ್ತು. ಅವರು ಫ್ರಾನ್ಸಿಗೆ, ತಂಗಿಯ ಮನೆಗೆ ಹೊರಟಿದ್ದರು.

'ಈ ಮಂಡಿ ಇಟ್ಕೊಂಡು ಒಬ್ಬಳೇ ಇರೋಕಾಗಲ್ಲ,' ಎಂದರು. 'ನೀನು ಬಂದಿದ್ದರೆ ಬೇರೆ ಮಾತು.'

ನನಗೆ ತಡೆಯಲಾಗಲಿಲ್ಲ. 'ನೀವು ಮತ್ತೆ ಕೇಳಲೇ ಇಲ್ಲವಲ್ಲ!' ಎಂದು ಕೂಗಿದೆ.

'ನೀನು ಬೇಡ ಅಂದೆ.'

'ಅದು ಬೇಡ ಅಲ್ಲ!'

'ಮತ್ತೇನದು?'

ಎಲೆ, ಅಡ್ಡ ಹಿಡಿದ ಕೈ, ಬೆರಳ ಸಂದಿಯ ಹೋಳಿಗೆ, ಬೈದುಕೊಂಡು ತಿನ್ನುವುದು, ಎಲ್ಲ ಹೇಳಿದೆ. ಒಂದೇ ಸಲ ಕೇಳಿ ಸುಮ್ಮನಾದರೆ ನಮ್ಮಲ್ಲಿ ಅದು ಬಾಯುಪಚಾರ ಎಂದೆ. ಅವರು ಪೆಟ್ಟಿಗೆಯೊಂದರ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು.

'ನಮ್ಮಲ್ಲಿ, ಬೇಡ ಅಂದವರನ್ನ ಮತ್ತೆ ಕೇಳಿದರೆ ಅವರ ಮಾತಿಗೆ ಬೆಲೆ ಕೊಡಲಿಲ್ಲ ಅಂತ,' ಎಂದರು. ಮಂಡಿ ನೀವಿಕೊಳ್ಳುತ್ತಾ, 'ಮುದುಕಿಯ ಜೊತೆ ಯಾಕೆ ಬೇಕು ಇವಳಿಗೆ ಅಂದುಕೊಂಡೆ. ನ್ಯಾಯವೇ ಅಂದುಕೊಂಡೆ,' ಎಂದರು.

ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹೊಸಬರು ಆಗಲೇ ಬಂದು ಮೇಲಿನ ರೂಮಿನ ಕಿಟಕಿಗೆ ಪರದೆಯ ಅಳತೆ ತೆಗೆದುಕೊಂಡು ಹೋಗಿದ್ದರಂತೆ.

ಕೊನೆಯ ಭಾನುವಾರ ಎಲ್ಲ ಖಾಲಿಯಾಗಿದ್ದ ಮನೆಯಲ್ಲಿ ಮೇಜು, ಎರಡು ಕುರ್ಚಿ, ಇಸ್ತ್ರಿ ಮಾಡಿದ ಆ ಬಟ್ಟೆ ಮಾತ್ರ ಇದ್ದವು. ಸೂಪು ಕುಡಿದೆವು. ಮುಂದಿನ ವಾರದ ಊಟದ ಮಾತು ಇಬ್ಬರೂ ಎತ್ತಲಿಲ್ಲ. ಚೀಸಿನ ತಟ್ಟೆ ಬಂತು. ನನಗೆ ತುತ್ತು ಇಳಿಯುವ ಹಾಗಿರಲಿಲ್ಲ. 'ಬೇಡ ಮದಾಮ್,' ಎಂದೆ. ಈ ಸಲ ಅದು ನಿಜವಾದ ಬೇಡ.

ಅವರು ತಟ್ಟೆಯನ್ನು ಆ ಕಡೆ ಇಡಲು ಹೋದವರು ಅರ್ಧಕ್ಕೇ ನಿಂತರು. ಮತ್ತೆ ನನ್ನ ಕಡೆ ತಿರುಗಿಸಿದರು.

'ಸ್ವಲ್ಪ?'

'ಬೇಡ, ನಿಜವಾಗಿಯೂ.'

'ಇಷ್ಟೇ ಇಷ್ಟು.'

ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಅವರು ಕುರ್ಚಿ ಹಿಡಿದುಕೊಂಡು ಕಷ್ಟಪಟ್ಟು ಎದ್ದು, ಒಂದು ದಪ್ಪ ತುಂಡು ಕತ್ತರಿಸಿ, ನನ್ನ ಬೆರಳ ಸಂದಿಯಿಂದ ಅದನ್ನು ತಟ್ಟೆಗೆ ಜಾರಿಸಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದರು:

'ಹೀಗೇ ತಾನೆ?'

ಕ್ರಮದ ಪ್ರಕಾರ ನಾನು ಬೈದುಕೊಳ್ಳುತ್ತಾ ತಿನ್ನಬೇಕಿತ್ತು. ಅಳುತ್ತಾ ತಿಂದೆ.