ಸುಟ್ಟ ಕುದುರೆಯ ಹನ್ನೆರಡು ಪುಟ

ಚಿತ್ರದುರ್ಗದಲ್ಲಿ ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡುತ್ತಲೇ ಕೂದಲು ನರೆತವನು ನಾನು. ಸಾಹಿತ್ಯ ನನಗಿಂತ ಯಾರಿಗೆ ಗೊತ್ತು ಎಂಬ ಕೊಬ್ಬೂ ಇತ್ತು.

ಭರಮಸಾಗರದ ಸರ್ವಮಂಗಳ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವರು. ಗಂಡನಿಂದ ಕಲಿತ ಕೆಲಸವಲ್ಲ, ಗಂಡನಿಗೇ ಕಲಿಸಿದ ಕೆಲಸ. ಒಂದು ದಿನ ನಾನೂರು ಪುಟದ ಕಾದಂಬರಿ ತಂದು ನನ್ನ ಮೇಜಿನ ಮೇಲಿಟ್ಟರು. ಕವಚ ತೊಟ್ಟ ಸವಾರರು, ಮೋಟಾರಿನಿಂದ ಓಡುವ ರೆಕ್ಕೆಯ ಉಕ್ಕಿನ ಕುದುರೆಗಳು, ಏಳು ಸುತ್ತಿನ ಕೋಟೆಗೆ ಮುತ್ತಿಗೆ.

"ಟೈಪ್ ಮಾಡ್ರಿ ಸಾಕು ಜಂಬಣ್ಣ, ತಿದ್ದಬ್ಯಾಡ್ರಿ. ಕಥೆ ಸರಿಯಾಗೈತೆ," ಎಂದರು.

ಎಷ್ಟು ಧಿಮಾಕು ಅಂದುಕೊಂಡೆ. ಆದರೆ ಸುಳ್ಳೇಕೆ, ಯುದ್ಧ ನನ್ನನ್ನು ಕುರ್ಚಿಯಿಂದ ಏಳಗೊಡಲಿಲ್ಲ. ಕೊನೆಯ ಅಧ್ಯಾಯದಲ್ಲಿ ಸೇನಾಪತಿಯ ಕುದುರೆ ಸುಟ್ಟು ನಿಲ್ಲುತ್ತದೆ. ಅಲ್ಲಿಂದ ಹನ್ನೆರಡು ಪುಟ, ಹೆಸರೇ ಇಲ್ಲದ ಒಬ್ಬ ಹೆಂಗಸು ಬಾಣಗಳ ನಡುವೆ ಕುಳಿತು ಅದರ ತಂತಿ ಬಿಚ್ಚುತ್ತಾಳೆ, ಸುತ್ತುತ್ತಾಳೆ, ವಾರ್ನಿಶ್ ಹಚ್ಚಿ ಒಣಗಿಸುತ್ತಾಳೆ. ಯುದ್ಧದ ನಡುವೆ ಇದೆಂಥ ರಿಪೇರಿ ಪುರಾಣ? ಟೈಪ್ ಮಾಡುವಾಗ ಹನ್ನೆರಡೂ ಪುಟ ಕೈಬಿಟ್ಟೆ.

ಕರಡು ಒಯ್ದ ದಿನ ಅವರ ಅಂಗಡಿಯಲ್ಲಿ ಐದಾರು ರೈತರು ಮೋಟಾರಿಗಾಗಿ ಕಾಯುತ್ತಿದ್ದರು. ಕೊನೆಯ ಅಧ್ಯಾಯವೊಂದು ಬಿಟ್ಟು ಉಳಿದ ಕಥೆಯನ್ನೆಲ್ಲ ಆ ರೈತರು ಸರ್ವಮಂಗಳರ ಬಾಯಿಂದ ಅಲ್ಲೇ ಕೇಳಿದ್ದರಂತೆ.

"ಕೈಯೆಲ್ಲ ವಾರ್ನಿಶ್ ಆಗೈತೆ, ನೀವೇ ಓದ್ರಿ. ಇವ್ರು ಒಪ್ಪಿದ್ರೆ ನಾಳೆ ಅಚ್ಚಿಗೆ," ಎಂದರು ಸರ್ವಮಂಗಳ.

ಓದಿದೆ. ಕುದುರೆ ಸುಟ್ಟುಹೋಯಿತು. ಕುದುರೆ ಓಡಿತು.

ಕುರಿ ಸಾಕುವ ಮುದ್ದಣ್ಣ ಕೈ ಎತ್ತಿದ. "ತಡೀರಿ. ಸುಟ್ಟ ಮೋಟ್ರು ತಾನೇ ಹೆಂಗೆ ಚಾಲೂ ಆತು?"

"ಇದು ಕಲ್ಪನೆಯ ಕಥೆ ಕಣಪ್ಪ," ಎಂದೆ.

"ಕುದುರೆಗೆ ರೆಕ್ಕೆ ಐತೆ ಅಂದ್ರಿ, ಒಪ್ಪಿದ್ವಿ. ಇದನ್ನ ಒಪ್ಪಾಕಾಗಲ್ಲ. ಯಾರೋ ಕುಂತು ತಂತಿ ಕಟ್ಟಿರಬೇಕು. ಯಾರದು?"

ಉಳಿದವರೂ ನನ್ನತ್ತ ತಿರುಗಿದರು. ಸರ್ವಮಂಗಳ ತಂತಿ ಸುತ್ತುವುದನ್ನು ನಿಲ್ಲಿಸಿದರು. ಅವರಿಗೆ ಎಲ್ಲ ಅರ್ಥವಾಗಿತ್ತು.

"ಹೇಳ್ರಿ ಜಂಬಣ್ಣ, ಯಾರು?"

ನನಗೆ ನಾಚಿಕೆಯಾಯಿತು. ಚೀಲದ ತಳದಿಂದ ಆ ಹನ್ನೆರಡು ಹಾಳೆ ತೆಗೆದು ಒಂದಕ್ಷರ ಬಿಡದೆ ಓದಿದೆ. ಮೋಟಾರು ಸಿದ್ಧವಾಗಿದ್ದವರೂ ಎದ್ದು ಹೋಗಲಿಲ್ಲ.

"ಆ ಯಮ್ಮನ ಹೆಸರೇನು?" ಎಂದ ಮುದ್ದಣ್ಣ.

"ಬರ್ದಿಲ್ಲ," ಎಂದರು ಸರ್ವಮಂಗಳ. "ಕೇಳ್ತಾರೆ ಅಂದ್ಕಂಡಿರ್ಲಿಲ್ಲ."

"ಕೇಳ್ತಿದೀವಲ್ಲ, ಬರೀರಿ."

ಅವರು ವಾರ್ನಿಶ್ ಕೈಯಲ್ಲೇ ನನ್ನ ಪೆನ್ನು ಇಸಿದುಕೊಂಡು ಆ ಹನ್ನೆರಡರ ಮೊದಲ ಹಾಳೆಯಲ್ಲಿ ಆ ಹೆಂಗಸಿಗೆ ತಮ್ಮದೇ ಹೆಸರು ಬರೆದರು.