ಬಟ್ಟಲಲ್ಲಿ ಉಳಿದ ಬೀಜ

ಕಳೆದ ತಿಂಗಳು ನಾರಾಯಣಖೇಡದಲ್ಲಿ ನಾನು ಪಾಠ ಮಾಡುವ ಕಾಲೇಜಿಗೆ ಒಬ್ಬರು ಗೋಣಿಚೀಲ ಹಿಡಿದು ಬಂದರು. ಜಹೀರಾಬಾದಿನ ಉಸ್ತಾದರ ಅಳಿಯ ಎಂದು ಹೇಳಿಕೊಂಡರು. ಅಂಗಡಿ ಖಾಲಿ ಮಾಡಿದೆವು, ಇದನ್ನು ನಿಮಗೇ ಮುಟ್ಟಿಸಬೇಕೆಂದು ಮಾವ ಹೇಳಿದ್ದರು ಎನ್ನುತ್ತ ಒಂದು ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮುಚ್ಚಳ ಎತ್ತಿದೊಡನೆ ಸುಟ್ಟ ಧೂಳಿನ ವಾಸನೆ, ಅದರ ಅಡಿಯಲ್ಲಿ ತೆಳ್ಳಗೆ ಅತ್ತರಿನದು… ಉಸ್ತಾದರು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಹತ್ತಿಯ ವಾಸನೆ. ಒಳಗೆ ನಾಲ್ಕು ಹಾರ್ಡ್ ಡಿಸ್ಕ್, ಒಂದು ಸ್ಟೀಲ್ ಬಟ್ಟಲು. ಬಟ್ಟಲಿನ ತಳಕ್ಕೆ ಟೇಪು ಹಚ್ಚಿ ಅಂಟಿಸಿದ ಒಂದೇ ಒಂದು ಹುಣಸೆ ಬೀಜ.

ಅದು ಯಾರ ಬೀಜವೆಂದು ನನಗೆ ಕೂಡಲೇ ಗೊತ್ತಾಯಿತು.

ನಾನು ರಾಯಿಕೋಡ್ ಕಡೆಯವಳು, ಕುರಿ ಸಾಕುವವರ ಮನೆಯ ಮಗಳು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಇಂಜಿನಿಯರಿಂಗ್ ಓದುವಾಗ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಜಹೀರಾಬಾದ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಉಸ್ತಾದರ ಫೋಟೊ ಸ್ಟುಡಿಯೊ ಇತ್ತು. ಅಲ್ಲಿ ಮೂರು ಕಂಪ್ಯೂಟರ್. ಒಂದರ ಮುಂದೆ ಉಸ್ತಾದರು ಕೂರುತ್ತಿದ್ದರು. ಉಳಿದೆರಡರಲ್ಲಿ ಜನ ಅರ್ಜಿ ತುಂಬಿಸಿಕೊಳ್ಳುತ್ತಿದ್ದರು. ಕೆಲಸವಿಲ್ಲದಾಗ ನಾನು ಕೂತು ಓದಿಕೊಳ್ಳಬಹುದಿತ್ತು. ಕುರಿ ಕಾಯುವವರ ಹುಡುಗಿ ಇಲಿ ಹಿಡಿದು ಕೂತಿದ್ದಾಳೆ ಎಂದು ಮೌಸ್ ತೋರಿಸಿ ಕೆಲವರು ನಗುತ್ತಿದ್ದರು. ನಾನು ಕೇಳಿಸದವಳಂತೆ ಇರುತ್ತಿದ್ದೆ. ಉಸ್ತಾದರು ಮಾತ್ರ ಒಂದು ಸಲ, "ಇಲಿ ಹಿಡಿಯೋಕಿ ನಾಳಿ ಹುಲಿ ಹಿಡೀತಾಳ, ನೀವು ನಿಮ್ಮ ಫಾರಂ ತುಂಬ್ರಿ" ಅಂದಿದ್ದರು.

ಸುತ್ತಲಿನ ಹಳ್ಳಿಗಳವರ ಎಷ್ಟೋ ವರ್ಷದ ಫೋಟೊಗಳೆಲ್ಲ ಆ ತಗಡಿನ ಡಬ್ಬಿಯಲ್ಲಿದ್ದವು. ಮೂರೂ ಕಂಪ್ಯೂಟರಿಗೆ ಅದೊಂದೇ ಉಗ್ರಾಣ. ಬೇಸಿಗೆಯಲ್ಲಿ ಡಿಸ್ಕುಗಳು ತಿರುಗಿ ತಿರುಗಿ ಡಬ್ಬಿ ಕಾದ ಹಂಚಿನಂತಾಗುತ್ತಿತ್ತು. ಹಾಗಾಗಿ ಯಾರೂ ಬಳಸದಾಗ ಉಸ್ತಾದರು ಅದರ ಸ್ವಿಚ್ಚು ಆರಿಸಿ, ಬೇಕಾದಾಗ ಹಾಕುತ್ತಿದ್ದರು. ಒಮ್ಮೆ ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ಮದುವೆ ಫೋಟೊ ನೋಡುತ್ತಿರುವಾಗಲೇ ಆರಿಸಿಬಿಟ್ಟರಂತೆ. ಅಂದಿನಿಂದ ಬಟ್ಟಲಿನ ಪದ್ಧತಿ. ಕೆಲಸಕ್ಕೆ ಕೂರುವವರು ಬಟ್ಟಲಿಗೆ ಒಂದು ಹುಣಸೆ ಬೀಜ ಹಾಕಬೇಕು, ಏಳುವಾಗ ಒಂದು ತೆಗೆಯಬೇಕು. ಬಟ್ಟಲು ಬರಿದಾದರೆ ಮಾತ್ರ ಡಬ್ಬಿ ಮಲಗಬಹುದು. ಮತ್ತೆ ಎಬ್ಬಿಸಿದಾಗ ಡಿಸ್ಕು ಟಕ್ ಎಂದು, ಗುಂಯ್ ಎಂದು ವೇಗ ಹಿಡಿಯುವವರೆಗೆ ಕಾಯಬೇಕು. ಅವಸರ ಮಾಡುವವರಿಗೆ, ನಿಮ್ಮನ್ನು ನಿದ್ದೆಯಿಂದ ಎಬ್ಬಿಸಿದರೆ ಕೂಡಲೇ ಲೆಕ್ಕ ಹೇಳುತ್ತೀರಾ ಎಂದು ಉಸ್ತಾದರು ಕೇಳುತ್ತಿದ್ದರು.

ಕೊನೆಯ ವರ್ಷ ನಾನು ಕಂಪ್ಯೂಟರಿನ ಒಳತಿರುಳಾದ ಕರ್ನಲ್ ಬಗ್ಗೆ ಓದುತ್ತಿದ್ದೆ. ಡಿಸ್ಕು ಸುಮ್ಮನಿದ್ದಾಗ ಅದನ್ನು ಮಲಗಿಸುವುದು, ಕೆಲಸ ಬಂದಾಗ ಎಬ್ಬಿಸುವುದು ಕರ್ನಲ್ಲಿನ ಹೊಣೆ. ಅದಕ್ಕಾಗಿ ಅದು ಪ್ರತಿ ಸಾಧನಕ್ಕೂ ಒಂದು ಎಣಿಕೆ ಇಟ್ಟಿರುತ್ತದೆ. ಬಳಸಲು ಬಂದವರು ಒಂದು ಕೂಡಿಸಬೇಕು, ಮುಗಿಸಿದವರು ಒಂದು ಕಳೆಯಬೇಕು. ಸೊನ್ನೆಯಾದರೆ ನಿದ್ದೆ. ಓದುತ್ತಿದ್ದಂತೆ ನಗು ಬಂತು. ಇದು ಉಸ್ತಾದರ ಬಟ್ಟಲೇ! ತರಗತಿಯಲ್ಲಿ ಬೇರೆಯವರು ಬಾಯಿಪಾಠ ಮಾಡುತ್ತಿದ್ದುದನ್ನು ನಾನು ಓಣಿಯಲ್ಲಿ ಕಣ್ಣಾರೆ ನೋಡಿದ್ದೆ. ಅದನ್ನೇ ಪ್ರಾಜೆಕ್ಟ್ ಮಾಡಿದೆ. ಡಬ್ಬಿಯ ಸ್ವಿಚ್ಚಿನ ಜಾಗದಲ್ಲಿ ಕಂಪ್ಯೂಟರ್ ಹೇಳಿದಂತೆ ಕೇಳುವ ಸ್ವಿಚ್ಚು, ಒಂದು ರಿಲೇ ಕೂರಿಸಿ, ಎಣಿಕೆ ನೋಡಿ ಅದು ತಾನೇ ಕರೆಂಟು ಕೊಟ್ಟು ತೆಗೆಯುವಂತೆ ಪ್ರೋಗ್ರಾಂ ಬರೆದೆ. ಉಸ್ತಾದರು ತಮ್ಮ ಡಬ್ಬಿಯ ಮೇಲೆಯೇ ಪರೀಕ್ಷಿಸಲು ಬಿಟ್ಟರು. ಬಟ್ಟಲನ್ನು ಮಾತ್ರ ಎತ್ತಿಡಲಿಲ್ಲ. ನಿನ್ನ ಎಣಿಕೆ ನಿನ್ನದು, ನನ್ನದು ನನ್ನದು, ಎರಡೂ ನಡೆಯಲಿ ಅಂದರು.

ವೈವಾ ಪರೀಕ್ಷೆಗೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ನಮ್ಮ ಕಡೆಯ ಹೆಂಗಸೊಬ್ಬರು ಸ್ಟುಡಿಯೊಗೆ ಬಂದರು. ಐವತ್ತರ ಆಸುಪಾಸು, ಹಣೆ ಬರಿದು. ಗಂಡ ತೀರಿ ವಾರವಾಗಿತ್ತು. ದಿನಕರ್ಮಕ್ಕೆ ಗೋಡೆಗೆ ಹಾಕಲು ದೊಡ್ಡ ಫೋಟೊ ಬೇಕಿತ್ತು. ಗುರುತಿನ ಕಾರ್ಡಿನಲ್ಲಿರುವ ಫೋಟೊವನ್ನೇ ದೊಡ್ಡದು ಮಾಡಲೇ ಎಂದು ಉಸ್ತಾದರು ಕೇಳಿದರು.

"ಅದು ಬ್ಯಾಡ್ರಿ. ಅದರಾಗ ಕಳ್ಳರಂಗ ಕಾಣ್ತಾರ. ಮರಿ ಹಿಡಕೊಂಡು ತೆಗೆಸಿದ್ದು ಒಂದದಲ್ರಿ, ಅದು ಬೇಕು."

ಉಸ್ತಾದರಿಗೆ ನೆನಪಿತ್ತು. ಆತ ಸಂತೆಯಲ್ಲಿ ಒಂದು ಕುರಿಮರಿ ಕೊಂಡು ನೇರವಾಗಿ ಸ್ಟುಡಿಯೊಗೆ ಬಂದಿದ್ದನಂತೆ. ಹೊರಗೆ ಬಿಡು ಎಂದರೂ ಬಿಡದೆ ಮಡಿಲಲ್ಲಿಟ್ಟುಕೊಂಡೇ ಕೂತಿದ್ದ. ಕ್ಯಾಮೆರಾ ಒತ್ತುವ ಹೊತ್ತಿಗೆ ಮರಿ ಅವನ ಅಂಗಿಯ ಗುಂಡಿ ಚೀಪಿತ್ತು, ಅವನು ನಕ್ಕುಬಿಟ್ಟಿದ್ದ. ಹುಡುಕಿದಾಗ ಆ ಫೋಟೊ ಸಿಕ್ಕಿತು. ಹೆಂಗಸು ಪರದೆಯ ಹತ್ತಿರ ಬಂದು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಬೆಂಚಿಗೆ ಹೋಗಿ ಕೂತರು. ಚಿತ್ರ ಸ್ವಲ್ಪ ಕಪ್ಪಾಗಿತ್ತು. ಉಸ್ತಾದರು ಬೆಳಕು ಹೆಚ್ಚಿಸಿ, ಅದೇ ಹೆಸರಿನಲ್ಲಿ ಉಳಿಸಲು ಗುಂಡಿ ಒತ್ತಿದರು.

ಅದೇ ಕ್ಷಣದಲ್ಲಿ ನಾನು ಪಕ್ಕದ ಕಂಪ್ಯೂಟರಿನಲ್ಲಿ, ಪ್ರಾಜೆಕ್ಟ್ ವರದಿಗಾಗಿ ಪರೀಕ್ಷಿಸಲೆಂದು, ಡಬ್ಬಿಯಲ್ಲಿದ್ದ ಒಂದು ಕೆಟ್ಟ ಫೈಲು ತೆರೆಯಲು ಹೋದೆ. ಅದು ತೆರೆಯಲಿಲ್ಲ. ಹಿಂದೆಯೇ ಡಬ್ಬಿಯ ಗುಂಯ್ ಸದ್ದು ನಿಂತಿತು.

ಉಸ್ತಾದರ ಪರದೆಯಲ್ಲಿ ಹಸಿರು ಗೆರೆ ಅರ್ಧ ತುಂಬಿ ನಿಂತಿತು, ತೆರೆದಿದ್ದ ಫೋಟೊ ತಾನಾಗಿ ಮುಚ್ಚಿಹೋಯಿತು. ಒಂದು ಗಳಿಗೆಯ ನಂತರ ಡಿಸ್ಕು ಏಳಲು ನೋಡಿತು. ಟಕ್… ಟಕ್… ಟಕ್. ವೇಗ ಹಿಡಿಯಲಿಲ್ಲ. ತಪ್ಪು ಎಲ್ಲಿದೆಯೆಂದು ಅಷ್ಟರಲ್ಲೇ ಹೊಳೆದಿತ್ತು. ಫೈಲು ತೆರೆಯದೆ ಹೋದರೆ ಎಣಿಕೆಯಲ್ಲಿ ಒಂದು ಕಳೆಯಬೇಕೆಂದು ಬರೆದಿದ್ದೆ. ಕೆಲಸ ಮುಗಿಯುವ ಜಾಗದಲ್ಲೂ ಒಂದು ಕಳೆಯಬೇಕೆಂದು ಬರೆದಿದ್ದೆ. ಕೆಟ್ಟ ಫೈಲು ಎರಡೂ ಜಾಗ ಹಾದುಹೋಗಿತ್ತು. ನಾನೊಬ್ಬಳು ಎದ್ದು ಎರಡು ಬೀಜ ತೆಗೆದಂತಾಗಿತ್ತು, ನನ್ನದೂ ಉಸ್ತಾದರದೂ.

ಉಸ್ತಾದರು ಬಟ್ಟಲಿನತ್ತ ಒಮ್ಮೆ ನೋಡಿದರು. ಡಬ್ಬಿಯ ತಂತಿ ಕಿತ್ತು, ಆ ಫೋಟೊ ಇದ್ದ ಡಿಸ್ಕನ್ನು ಹೊರಗೆ ತೆಗೆದು, ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿ ಗ್ಲಾಸು ಬೋರಲು ಹಾಕಿ ಅದರ ಮೇಲೆ ಆರಲು ಇಟ್ಟರು. ಬಿಸಿ ಇಳಿಯದೆ ಎಬ್ಬಿಸಿದರೆ ಇದ್ದದ್ದೂ ಹೋಗುತ್ತದೆ ಎಂದರು. ಹೆಂಗಸು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದರು. ಅವರ ಬಸ್ಸಿಗೆ ಒಂದು ಗಂಟೆಯೂ ಇರಲಿಲ್ಲ. ಉಸ್ತಾದರು ಬಟ್ಟಲನ್ನು ಅವರ ಮುಂದೆ ಹಿಡಿದರು.

"ಅಕ್ಕಾ, ನೀವೂ ಒಂದ್ ಬೀಜ ಹಾಕ್ರಿ."

"ನಾ ಏನ್ ಕೆಲಸ ಮಾಡಾಕತ್ತೀನ್ರಿ? ಸುಮ್ನ ಕುಂತೀನಿ."

"ಕಾಯೋರ್ದೂ ಒಂದು ಇರ್ತದ."

ಅವರು ಬೀಜ ಹಾಕಿದರು. ಟಿಣ್ ಎಂದಿತು. ಆ ಅರ್ಧ ಗಂಟೆ ಉಸ್ತಾದರು ಡಿಸ್ಕಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಕೂತಿದ್ದರು. ಕೊನೆಗೆ ತಮ್ಮ ಕಂಪ್ಯೂಟರಿಗೆ ನೇರವಾಗಿ ತಂತಿ ಕೊಟ್ಟರು. ಟಕ್… ಟಕ್… ಆಮೇಲೆ ಗುಂಯ್ ಎಂದಿತು. ಉಳಿದ ಫೋಟೊಗಳೆಲ್ಲ ಇದ್ದವು. ಆ ಹೆಂಗಸಿನ ಗಂಡನ ಫೋಟೊ ಮೇಲಿನಿಂದ ನಿಧಾನವಾಗಿ ತೆರೆಯಿತು. ರುಮಾಲು ಬಂತು, ಕಣ್ಣು ಬಂತು, ನಗುವ ಬಾಯಿ ಬಂತು. ಎದೆಯ ಹತ್ತಿರ ನಿಂತಿತು. ಅದರ ಕೆಳಗೆಲ್ಲ ಬೂದಿ ಬಣ್ಣ.

ಹೆಂಗಸು ಬಹಳ ಹೊತ್ತು ನೋಡಿದರು.

"ನಗಲಾಕತ್ಯಾರ," ಅಂದರು. "ಯಾಕ ನಗಲಾಕತ್ಯಾರ ಅಂತ ಇನ್ ಯಾರಿಗೂ ತಿಳಿಯಂಗಿಲ್ಲ."

ಉಸ್ತಾದರು ತಲೆ ತಗ್ಗಿಸಿ, "ನನ್ ಕೈಲೆ ತಪ್ಪಾತು ಅಕ್ಕಾ" ಎಂದರು. ನಾನು ಬಾಯಿ ತೆರೆದೆ. ನಾಲ್ಕು ದಿನದಲ್ಲಿದ್ದ ವೈವಾ ನೆನಪಾಯಿತು, ಮನೆಯಲ್ಲಿ ಕಾದಿದ್ದ ಅಪ್ಪನ ಮುಖ ನೆನಪಾಯಿತು… ಬಾಯಿ ಮುಚ್ಚಿದೆ. ಆ ಹೆಂಗಸು ಎದೆಯವರೆಗಿನ ಫೋಟೊವನ್ನೇ ಹಾಳೆಯಲ್ಲಿ ಸುತ್ತಿಸಿಕೊಂಡು ಬಸ್ಸಿಗೆ ಓಡಿದರು. ಬೀಜ ತೆಗೆಯಲಿಲ್ಲ.

ಆ ಒಂದು ಸಾಲು ತಿದ್ದಿ, ಕಾಲೇಜಿನ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೋರಿಸಿ ಪಾಸಾದೆ. ಪೇಢೆ ಹಿಡಿದು ಹೋದ ದಿನ ಉಸ್ತಾದರಿಗೆ ನಿಜ ಹೇಳಿದೆ. ಅವರು ಪೇಢೆ ಬಾಯಿಗಿಟ್ಟುಕೊಂಡೇ ಹೇಳಿದರು: "ಗೊತ್ತದ ಬೇಟಿ. ಬಟ್ಟಲದಾಗ ಎರಡು ಬೀಜ ಇದ್ವು, ಡಬ್ಬಿ ಮಲಗಿತ್ತು. ನನಗ ಹೇಳಿ ಏನ್ ಮಾಡ್ತಿ? ಆಕಿಗಿ ಹೇಳು."

ಹೇಳುತ್ತೇನೆ ಎಂದೆ. ಊರು ಗೊತ್ತಿತ್ತು, ಬಸ್ಸೂ ಇತ್ತು. ಕೆಲಸ ಹುಡುಕುವುದು, ಮದುವೆ, ಕಾಲೇಜು… ಹೋಗಲಿಲ್ಲ. ಅಂಗಡಿಗೆ ಹೋದಾಗಲೆಲ್ಲ ಬಟ್ಟಲಲ್ಲಿ ಆ ಬೀಜ ಹಾಗೇ ಇರುತ್ತಿತ್ತು. ಹಳೆಯ ಸ್ವಿಚ್ಚು ಮರಳಿ ಬಂದಿತ್ತು, ಆದರೆ ಅಂಗಡಿ ತೆರೆದಿರುವಷ್ಟು ಹೊತ್ತೂ ಅವರು ಅದನ್ನು ಆರಿಸುತ್ತಿರಲಿಲ್ಲ. ಡಬ್ಬಿಯ ಪಕ್ಕ ಒಂದು ಟೇಬಲ್ ಫ್ಯಾನು ಇಟ್ಟಿದ್ದರು. ಹೀಗೆ ತಿರುಗಿದರೆ ಡಿಸ್ಕು ಬೇಗ ಸಾಯುತ್ತದೆ, ಆ ಬೀಜ ತೆಗೆಯಿರಿ ಎಂದು ಓದಿದವಳ ಗತ್ತಿನಲ್ಲಿ ಹೇಳಿದೆ. ಹಾಕಿದವರೇ ತೆಗೆಯಬೇಕು ಎಂದರು. ಅದಾದ ಮೇಲೆ ನಾನು ಅಂಗಡಿಗೆ ಹೋಗುವುದು ಕಡಿಮೆಯಾಯಿತು. ಕೊನೆಗೆ ನಿಂತೇ ಹೋಯಿತು.

ಮಾವ ಹೋಗಿ ಎರಡು ತಿಂಗಳಾಯಿತು ಎಂದು ಅಳಿಯ ಹೇಳಿದರು. ನನಗೆ ತಿಳಿದೇ ಇರಲಿಲ್ಲ.

ಮುಂದಿನ ಭಾನುವಾರ ಬೀಜವನ್ನು ಪರ್ಸಿನಲ್ಲಿಟ್ಟುಕೊಂಡು ಆ ಊರಿಗೆ ಹೋದೆ. ಸೊಸೆ ಬಾಗಿಲು ತೆರೆದಳು. ಅತ್ತೆ ಹೋಗಿ ಮೂರು ವರ್ಷವಾಯಿತಂತೆ. ಒಳಗೆ ಗೋಡೆಯ ಮೇಲೆ ಎದೆಯವರೆಗಿನ ಆ ಫೋಟೊ ಇತ್ತು. ಸೊಸೆಯ ಮಗಳು, ಐದಾರು ವರ್ಷದವಳು, ನಾನು ನೋಡುತ್ತಿರುವುದನ್ನು ಕಂಡು, ಮುತ್ಯಾ ಯಾಕೆ ನಗುತ್ತಿದ್ದಾನೆ ಗೊತ್ತೇನು ಎಂದು ನನ್ನನ್ನೇ ಕೇಳಿದಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಂತೆ.

ಕೂತು ಹೇಳಿದೆ. ಮರಿಯ ವಿಷಯ ಹೇಳಿದೆ, ಗುಂಡಿ ಚೀಪಿದ್ದು ಹೇಳಿದೆ, ಆ ಮರಿ ಫೋಟೊದಿಂದ ಹೋದದ್ದು ನನ್ನ ತಪ್ಪಿನಿಂದ ಎಂದೂ ಹೇಳಿದೆ. ಸೊಸೆ ಚಹಾ ತಂದುಕೊಟ್ಟಳು. ಹುಡುಗಿಗೆ ಮರಿಯ ಕತೆ ಇನ್ನೊಮ್ಮೆ ಬೇಕಾಗಿತ್ತು. ಹೇಳಿದೆ.

ಬೀಜವನ್ನು ಮರಳಿ ತಂದಿದ್ದೇನೆ. ಈಗ ಅದು ನನ್ನ ಲ್ಯಾಬಿನ ಮೇಜಿನ ಮೇಲೆ, ಅದೇ ಬಟ್ಟಲಲ್ಲಿ ಇದೆ. ಡಬ್ಬಿಯ ಡಿಸ್ಕುಗಳಿಗೆ ಕರೆಂಟು ಕೊಟ್ಟು ನೋಡಿದೆ, ನಾಲ್ಕರಲ್ಲಿ ಒಂದೂ ಏಳಲಿಲ್ಲ. ಕೂಡಿಸಿದಷ್ಟೇ ಕಳೆಯಬೇಕು, ಎಣಿಕೆ ಸೊನ್ನೆಗೆ ಬರಲೇಬೇಕು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಈ ಬೀಜವನ್ನು ತೆಗೆಯಬೇಕಾದವರು ಈಗ ಇಲ್ಲ. ಉಸ್ತಾದರೂ ಇಲ್ಲ.